ಎಡಗೈ ಅಕ್ಕನದು

ಮೇಲ್ಮನೆ ಅಕ್ಕ ನನಗೆ ಎರಡೂ ಕೈಯಲ್ಲಿ ಗಿಟಾರ್ ಟ್ಯಾಪಿಂಗ್ ಕಲಿಸಿದರು, ನಾನೇ ಅಭ್ಯಾಸ ಬಿಟ್ಟು ಕೆಡಿಸಿಕೊಂಡೆ ಅಂತ ಹುಣಸೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಅಮ್ಮನಂತೂ ನೆಂಟರ ಮುಂದೆಯೂ ಹೇಳುತ್ತಾಳೆ. ಯಾರು ನೋಡಿದ್ದಾರೆ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಈ ಮಾತನ್ನು ಒಂದು ನಿಮಿಷವೂ ನಿಲ್ಲಲು ಬಿಡುತ್ತಿರಲಿಲ್ಲ.

ಮೊನ್ನೆ ಗಿಟಾರ್ ಬ್ಯಾಗಿನ ಜೇಬಲ್ಲಿ ಅವರ ಹಳೇ ಹೇರ್‌ಬ್ಯಾಂಡ್ ಸಿಕ್ಕಿತು. ಇನ್ನೂ ಹೊಗೆಸೊಪ್ಪಿನ ವಾಸನೆ... ಅಕ್ಕ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಬೇಲ್ ಮೂಟೆಗಳನ್ನು ತೂಗಿಸುವ ಕೆಲಸದಲ್ಲಿದ್ದರು, ನಮ್ಮ ಮೇಲ್ಮನೆಯಲ್ಲಿ ಬಾಡಿಗೆಗಿದ್ದರು. ಸಂಜೆ ಬಂದವರೇ ಕೂದಲು ಬಿಚ್ಚಿ, ಆ ಬ್ಯಾಂಡನ್ನು ಗಿಟಾರಿನ ಕತ್ತಿಗೆ ಹಾಕುತ್ತಿದ್ದರು, ಬೇಡದ ತಂತಿಗಳು ಗುಂಯ್‌ಗುಡದಿರಲಿ ಅಂತ.

ಟ್ಯಾಪಿಂಗ್‌ನಲ್ಲಿ ತಂತಿ ಮೀಟುವುದಿಲ್ಲ. ಎರಡೂ ಕೈಯ ಬೆರಳುಗಳು ಕತ್ತಿನ ಮೇಲೇ ತಂತಿಯನ್ನು ಬಡಿದು, ಎಳೆದು ಬಿಡಬೇಕು. ಒಂದು ಕೈ ಬಿಟ್ಟ ಕಡೆ ಇನ್ನೊಂದು ಕೈಯ ಸ್ವರ ಕಾದಿರಬೇಕು. ನನಗೆ ಬಲಗೈ ಓಡಿದರೆ ಎಡಗೈ ಮರೆಯುತ್ತಿತ್ತು. ಅಕ್ಕ ಗಿಟಾರನ್ನು ಇಬ್ಬರ ತೊಡೆ ಮೇಲೂ ಅಡ್ಡ ಮಲಗಿಸಿ ಹೇಳುತ್ತಿದ್ದರು, “ನೀ ಬಲಗೈ ನೋಡ್ಕಳೇ, ಎಡಗೈ ನಾನ್ ನೋಡ್ಕತೀನಿ.”

“ಎರಡೂ ಸೇರ್ಸೋದು ಯಾವಾಗಕ್ಕ? ಇದು ಕಲಿಯೋದು ಹೆಂಗಾಯ್ತು?” ಅಂತ ನಾನು ವಾದಕ್ಕೆ ನಿಲ್ಲುತ್ತಿದ್ದೆ.

“ಬಾಯಿಗಿರೋ ಸ್ಪೀಡು ಬೆರಳಿಗೆ ಬರ್ಲಿ ಬುಡು, ಸೇರ್ಸಾನ.”

ಸೇರಿಸಲೇ ಇಲ್ಲ. ಅವರ ಎಡಗೈ, ನನ್ನ ಬಲಗೈ. ಹಾಗೇ ಗಣೇಶನ ಪೆಂಡಾಲಿನಲ್ಲಿ ನುಡಿಸಿದೆವು, ಜನ ಎದ್ದು ಶಿಳ್ಳೆ ಹೊಡೆದರು. ಯಾವ ಬೆರಳು ಯಾರದೆಂದು ನನಗೇ ಗೊತ್ತಾಗಲಿಲ್ಲ... ಅಂಥ ಸಂಜೆ ಮತ್ತೆ ಸಿಕ್ಕಿಲ್ಲ, ಅದನ್ನು ಒಪ್ಪುತ್ತೇನೆ.

ಆಮೇಲೆ ಅಕ್ಕನಿಗೆ ಪಿರಿಯಾಪಟ್ಟಣದ ಕಟ್ಟೆಗೆ ವರ್ಗವಾಯಿತು. “ಬತ್ತೀನಿ ಕಣೇ, ಪ್ರಾಕ್ಟೀಸು ಬುಡಬ್ಯಾಡ” ಅಂದು ಹೋದವರು ಬರಲಿಲ್ಲ. ಎಷ್ಟು ದೂರ? ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ಊರು ಬಂದಿರುತ್ತದೆ. ಕೆ.ಆರ್. ನಗರದ ಕಾಲೇಜು ಸ್ಪರ್ಧೆಯಲ್ಲಿ ವೇದಿಕೆಗೆ ನಾನೊಬ್ಬಳೇ ಹತ್ತಿದೆ. ಬಲಗೈ ಬಡಿಯಿತು, ಎಳೆದು ಬಿಟ್ಟಿತು. ಅಲ್ಲಿ ಸಿಗಬೇಕಾದ ಸ್ವರ ಇರಲಿಲ್ಲ. ನನ್ನ ಎಡಗೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿತ್ತು. ಮುಂದಿನ ಸಾಲಿನಲ್ಲೊಬ್ಬ, “ಕರೆಂಟ್ ಹೋಯ್ತೇನ್ಲಾ?” ಅಂದ.

ಅವತ್ತಿನಿಂದ ದಿನವೂ ಕೂರುತ್ತೇನೆ. ಅಭ್ಯಾಸ ಬಿಟ್ಟೆ ಅನ್ನುವುದು ಶುದ್ಧ ಸುಳ್ಳು. ಒಂದೊಂದು ಕೈಯೂ ಬೇರೆಬೇರೆಯಾಗಿ ಚೆನ್ನಾಗಿಯೇ ಓಡುತ್ತದೆ; ಸೇರಿಸಿದರೆ ಎರಡೂ ಮುಗ್ಗರಿಸುತ್ತವೆ. ಹಾಗೆ ಮುಗ್ಗರಿಸಿ ರೇಗಿ ಕೂತಾಗಲೇ ಹೊಳೆದದ್ದು, ಅಕ್ಕ ಒಬ್ಬರೇ ಎರಡೂ ಕೈಯಲ್ಲಿ ನುಡಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅಮ್ಮ ನೋಡಿದ್ದಾಳಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, “ನೀವಿಬ್ರೂ ಯಾವಾಗ್ಲೂ ಒಟ್ಗೇ ಇರ್ತಿದ್ರಲ್ಲೇ” ಅಂದಳು.

ಇದ್ದೆವು. ಈಗ ಇಲ್ಲ. ಗಿಟಾರ್ ಒಬ್ಬಳ ತೊಡೆಯ ಮೇಲೆ ನಿಲ್ಲದೆ ಜಾರುತ್ತದೆ... ಇವತ್ತು ಬೆಳಿಗ್ಗೆ ಅವರಿಗೆ ವಾಟ್ಸಾಪಿನಲ್ಲಿ ಒಂದೇ ಸಾಲು ಬರೆದೆ. ನೋಡಿದ್ದಾರೆ, ಉತ್ತರ ಬಂದಿಲ್ಲ.

“ಅಕ್ಕ, ನೀವು ನನಗೆ ಕಲಿಸ್ತಿದ್ರಾ, ಇಲ್ಲಾ ನಿಮಗೂ ಒಂದು ಬಲಗೈ ಬೇಕಿತ್ತಾ?”