ಹಿರಿಯೂರಿನ ಸುಶಿ ಅಂಗಡಿ

ನಾವು ಮೂವರು ಟೀಚರ್ ಟ್ರೈನಿಂಗ್ ಓದುವಾಗಿನಿಂದ ಗೆಳತಿಯರು. ನಾನು ಹೊಸದುರ್ಗದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಇನ್ನೊಬ್ಬಳು ದುರ್ಗದವಳು, ಚಿತ್ರದುರ್ಗದಲ್ಲೇ ಉರ್ದು ಶಾಲೆಯ ಟೀಚರು. ಐವತ್ತು ದಾಟಿದ ಮೇಲೆ ಹಟ ಹಿಡಿದು ಕಾರು ಓಡಿಸುವುದನ್ನು ಕಲಿತಳು. ಮೂರನೆಯವಳು ಕೆಲಸಕ್ಕೆ ಸೇರದೆ ಭೀಮಸಮುದ್ರದ ಅಡಿಕೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಹೋದಳು. ನಮ್ಮ ಪೈಕಿ ತಿಂಡಿಯ ಚಪಲ ಇದ್ದದ್ದು ಅವಳಿಗೆ. ವರ್ಷಕ್ಕೆ ಎರಡು ಮೂರು ಸಲ ಸೇರುತ್ತಿದ್ದೆವು. ಎಲ್ಲಿ ಸೇರಬೇಕು ಎಂದು ಅವಳನ್ನು ಕೇಳಿದರೆ ಊರಿನ ಹೆಸರು ಹೇಳುತ್ತಿರಲಿಲ್ಲ, ಹೋಟೆಲಿನ ಹೆಸರು ಹೇಳುತ್ತಿದ್ದಳು.

ಮೂರು ವರ್ಷದ ಹಿಂದೆ ಅವಳ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಯಿತು. ಎಲೆ ಅಡಿಕೆಯ ಸುಣ್ಣ ತಾಗಿರಬೇಕು ಎಂದುಕೊಂಡು ಎರಡು ತಿಂಗಳು ಸುಮ್ಮನಿದ್ದಳು. ಆಮೇಲೆ ಆಪರೇಷನ್ ಆಯಿತು, ಆರು ವಾರ ರೇಡಿಯೇಷನ್, ನಮ್ಮ ಕಡೆಯ ಮಾತಿನಲ್ಲಿ ಕರೆಂಟು, ಕೊಟ್ಟರು. ಜೀವ ಉಳಿಯಿತು. ಮಾತು ಸ್ವಲ್ಪ ತೊದಲುವಂತಾಯಿತು, ಬಾಯಿ ಒಣಗಿತು. ಒಂದು ಚೂರು ಖಾರ ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ನಮ್ಮ ಕಡೆ ಖಾರವಿಲ್ಲದ ಅಡುಗೆ ಎಲ್ಲಿದೆ? ಮದುವೆಗೆ ಹೋಗುವುದನ್ನು ಬಿಟ್ಟಳು. ನಮ್ಮ ಜೊತೆ ಸೇರುವುದನ್ನೂ ಬಿಟ್ಟಳು. ನಾನು ವಾರಕ್ಕೊಮ್ಮೆ ಫೋನ್ ಮಾಡಿ ಏನು ತಿಂದೆ ಎಂದು ಕೇಳುತ್ತಿದ್ದೆ. ಗಂಜಿ ಅನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹೋದ ವರ್ಷ ಶಾಲೆಯ ತರಬೇತಿಗೆಂದು ಹಿರಿಯೂರಿಗೆ ಹೋದಾಗ ಹೈವೇ ಪಕ್ಕದಲ್ಲಿ ಒಂದು ಪುಟ್ಟ ಅಂಗಡಿ ಕಂಡಿತು. ಬೋರ್ಡಿನ ಮೇಲೆ ಕನ್ನಡದಲ್ಲಿ ‘ಸುಶಿ’ ಎಂದು ಬರೆದು, ಕೆಳಗೆ ಜಪಾನೀ ಅಕ್ಷರಗಳಿದ್ದವು. ಜೊತೆಗಿದ್ದ ಮೇಷ್ಟ್ರು ಹೇಳಿದರು, ತುಮಕೂರು ಕಡೆಯ ಕಾರ್ಖಾನೆಗಳಿಗೆ ಬರುವ ಜಪಾನಿನ ಇಂಜಿನಿಯರುಗಳು ಈ ದಾರಿಯಲ್ಲಿ ಓಡಾಡುವಾಗ ಇಲ್ಲಿ ಇಳಿದು ಉಣ್ಣುತ್ತಾರಂತೆ. ರುಚಿ ಹೇಗೆ ಎಂದು ಕೇಳಿದೆ. “ಏನೈತೆ ಮೇಡಂ, ಖಾರಾನೂ ಇಲ್ಲ, ಎಣ್ಣೇನೂ ಇಲ್ಲ. ಮೆತ್ತಗಿನ ಅನ್ನ” ಎಂದು ಅವರು ನಕ್ಕರು. ನನಗೆ ಆ ಕ್ಷಣವೇ ಅವಳ ನೆನಪಾಯಿತು.

ಅವಳನ್ನು ಒಪ್ಪಿಸಲು ಮೂರು ಸಲ ಫೋನ್ ಮಾಡಬೇಕಾಯಿತು.

“ನಾನು ಬಂದು ಏನ್ ಮಾಡ್ಲೇ? ನೀವು ತಿನ್ನಾದು ನೋಡ್ಕಂಡು ಕುಂತ್ಕಳ್ಳಾ?”

“ಅಲ್ಲಿ ನೀನು ತಿನ್ನಾದೇ ಐತೆ ಕಣೇ. ನಮಗೇ ಅದು ರುಚಿಸಲ್ಲ ನೋಡು” ಅಂದೆ.

ಒಂದು ಭಾನುವಾರ ದುರ್ಗದವಳು ಕಾರು ತಂದಳು. ಮೊದಲು ಭೀಮಸಮುದ್ರಕ್ಕೆ ಹೋಗಿ ಅವಳನ್ನು ಕೂರಿಸಿಕೊಂಡು, ಅಲ್ಲಿಂದ ಹಿರಿಯೂರಿಗೆ ಹೊರಟೆವು. ಅವಳು ತುಂಬಾ ಇಳಿದುಹೋಗಿದ್ದಳು. ಸೆರಗನ್ನು ಕುತ್ತಿಗೆಯ ಸುತ್ತ ಸುತ್ತಿಕೊಂಡು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅಂಗಡಿಯಲ್ಲಿ ಮೇಜುಗಳಿರಲಿಲ್ಲ. ಉದ್ದನೆಯ ಒಂದು ಮರದ ಕಟ್ಟೆ, ಅದರ ಮುಂದೆ ಆರು ಸ್ಟೂಲುಗಳು. ಕಟ್ಟೆಯ ಆಚೆ ನಲವತ್ತರ ಆಸುಪಾಸಿನ ಒಬ್ಬ ಗಂಡಸು ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ನಿಂತಿದ್ದ. “ಬರ್ರಿ ಅಕ್ಕಾರೆ, ಕುಂತ್ಕಳ್ರಿ” ಎಂದ. ಇದೇ ತಾಲ್ಲೂಕಿನವನು, ಕುರಿ ಸಾಕುವ ಮನೆಯವನು. ತುಮಕೂರಿನಲ್ಲಿ ಒಬ್ಬ ಮುದುಕ ಜಪಾನಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿ ಕೊನೆಗೆ ಅಡುಗೆ ಕಲಿತವನಂತೆ.

ದುರ್ಗದವಳು ಕೂರುವ ಮೊದಲೇ ಕೇಳಿದಳು, “ಅನ್ನಕ್ಕೆ ಹೆಂಡ ಗಿಂಡ ಹಾಕ್ತಾರಂತೆ, ಹೌದೇನಪ್ಪ?”

“ಅಲ್ಲಿ ಹಾಕೋರು ಹಾಕ್ತಾರೆ ಅಕ್ಕಾರೆ, ನಾನು ಹಾಕಲ್ಲ. ವಿನೆಗರು, ಸಕ್ಕರೆ, ಉಪ್ಪು ಅಷ್ಟೇ. ಹಸಿ ಮೀನೂ ಕೊಡಲ್ಲ. ಸಮುದ್ರದಿಂದ ಇಲ್ಲಿಗೆ ಬರೋಷ್ಟೊತ್ತಿಗೆ ನಂಬಕ್ಕಾಗಲ್ಲ. ಮಾರಿಕಣಿವೆ ಡ್ಯಾಮಿನ ಮೀನನ್ನ ಸುಟ್ಟು ಇಡ್ತೀನಿ.”

ಮೀನು ಮಾಂಸ ಮುಟ್ಟದ ಭೀಮಸಮುದ್ರದವಳು ಮೀನು ಎಂಬ ಮಾತು ಕೇಳಿ ನನ್ನ ಮುಖ ನೋಡಿದಳು. ಅವನಿಗೆ ಅರ್ಥವಾಯಿತು. ಕೆಳಗಿನಿಂದ ಬೇರೆ ಮಣೆ, ಬೇರೆ ಚಾಕು ತೆಗೆದು ತೋರಿಸಿ, “ಇದು ಸೌತೆಕಾಯಿಗೆ ಮಾತ್ರ” ಅಂದ. ಕಪ್ಪು ಹಾಳೆಯೊಂದನ್ನು ಹಾಸಿ, ಅದರ ಮೇಲೆ ಅನ್ನ ಹರಡಿ, ಸೌತೆಕಾಯಿಯ ಎಳೆ ಇಟ್ಟು ಸುತ್ತತೊಡಗಿದ.

“ಕಾರ್ಬನ್ ಪೇಪರ್ ಇದ್ದಂಗೈತೆ” ಎಂದಳು ಅವಳು. ಅವತ್ತು ಅವಳು ತಾನಾಗಿಯೇ ಆಡಿದ ಮೊದಲ ಮಾತು ಅದು. ಸಮುದ್ರದ ಪಾಚಿಯನ್ನು ಒಣಗಿಸಿ ಮಾಡಿದ ಹಾಳೆ, ಸೊಪ್ಪಿನ ಹಾಗೇ ಎಂದು ಅವನು ಹೇಳಿದ.

ಸುರುಳಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಮೂವರ ಮುಂದೆಯೂ ಇಟ್ಟ. ನಾನು ಬೇಕೆಂದೇ ತಡಮಾಡಿದೆ. ಅವಳು ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡಳು. ಒಂದು ಸಲ ಅಗಿದಳು, ನಿಲ್ಲಿಸಿದಳು. ಮುಖ ಕಿವುಚಿದಳು, ಕಣ್ಣು ತುಂಬಿತು. ಆ ಕಡೆ ತಿರುಗಿ ಕರ್ಚೀಫಿಗೆ ಉಗುಳಿಕೊಂಡಳು.

ಅನ್ನಕ್ಕೆ ವಿನೆಗರಿನ ಹುಳಿ ಹಾಕುತ್ತೇನೆ ಎಂದು ಅವನು ಎದುರಿಗೇ ಹೇಳಿದ್ದ. ಅದು ಅವಳ ಬಾಯಿಗೆ ಉರಿಯುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಅಷ್ಟು ದೂರದಿಂದ ಕರೆತಂದು ಅವಳನ್ನು ಎಲ್ಲರ ಎದುರು ಹೀಗೆ ಮಾಡಿಬಿಟ್ಟೆನಲ್ಲ ಎಂದು ಕುಗ್ಗಿಹೋದೆ. ನೀರಿನ ಲೋಟ ಮುಂದಿಟ್ಟು, ಕುಡಿ ಕುಡಿ ಎಂದು ಬೆನ್ನು ಸವರಿದೆ. ದುರ್ಗದವಳೂ ಎದ್ದು ಬಂದಳು.

“ನೋಡಬ್ಯಾಡ್ರೆ” ಎಂದಳು ಅವಳು, ಮೆಲ್ಲಗೆ. “ಇಬ್ರೂ ಆ ಕಡೆ ನೋಡ್ರಿ.”

ಅಂಗಡಿಯವನು ಅವಳ ತಟ್ಟೆಯನ್ನು ತೆಗೆದುಕೊಂಡ. “ಹುಳಿ ತಡೆಯಲ್ವಾ ಅಕ್ಕಾರೆ?”

“ಹುಳೀನೂ ತಡೆಯಲ್ಲ, ಖಾರಾನೂ ತಡೆಯಲ್ಲಪ್ಪ. ಬಾಯಿಗೆ ಕರೆಂಟು ಕೊಟ್ಟವ್ರೆ.”

“ಒಂದೈದು ನಿಮಿಷ ಕುಂತ್ಕಳ್ರಿ” ಅಂದ. ಹುಳಿ ಬೆರೆಸದ ಅನ್ನವನ್ನು ಒಂದು ಬಟ್ಟಲಿಗೆ ಹಾಕಿದ. ಕೆಟಲಿನಿಂದ ತಿಳಿ ಹಸಿರು ಬಣ್ಣದ ಚಹವನ್ನು ಅದರ ಮೇಲೆ ಹುಯ್ದ. ಚಿಟಿಕೆ ಉಪ್ಪು ಹಾಕಿ, ಪಾಚಿ ಹಾಳೆಯ ಒಂದು ತುಂಡನ್ನು ಪುಡಿಮಾಡಿ ಉದುರಿಸಿ, ಆರಿದ ಮೇಲೆ ಅವಳ ಮುಂದಿಟ್ಟ. ಅನ್ನಕ್ಕೆ ಚಹವೇ ಎಂದು ನಾವು ಬೆರಗಾದೆವು.

“ರೋಗಿಷ್ಟರ ಊಟಾನಾ ಇದು?” ಎಂದು ಅವಳು ಕೇಳಿದಳು.

“ಅಲ್ಲ ಅಕ್ಕಾರೆ. ನನಗೆ ಕೆಲಸ ಕಲಿಸಿದ ಅಜ್ಜ ದಿನಾ ಊಟ ಮುಗಿಸ್ತಿದ್ದುದೇ ಇದರಾಗೆ. ಗಟ್ಟಿಮುಟ್ಟಾಗಿದ್ರು.”

ಅವಳು ಚಮಚ ತೆಗೆದುಕೊಂಡಳು. ಹೇಳಿದ ಹಾಗೆ ನಾವಿಬ್ಬರೂ ಅವನ ಕೈಯನ್ನು ನೋಡುತ್ತಾ ಕುಳಿತೆವು. ಸಾಲಾಗಿ ಕುಳಿತಿದ್ದರಿಂದ ನೋಡದಿರುವುದು ಸುಲಭವಾಗಿತ್ತು. ಬೇರೆಲ್ಲಾ ಹೋಟೆಲುಗಳಲ್ಲಿ ನಾವು ಎದುರುಬದುರು ಕೂರುತ್ತೇವೆ. ಬಾಯಿ ನೆಟ್ಟಗಿಲ್ಲದವಳಿಗೆ ಎದುರಿನ ಎರಡು ಜೋಡಿ ಕಣ್ಣು ಎಷ್ಟು ಭಾರವೆಂದು ನಾನು ಯೋಚಿಸಿಯೇ ಇರಲಿಲ್ಲ. ಚಮಚ ಬಟ್ಟಲಿಗೆ ತಾಗುವ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ತುಂಬಾ ಹೊತ್ತಾದ ಮೇಲೆ ಅವಳು ಬಟ್ಟಲನ್ನು ಮುಂದಕ್ಕೆ ಸರಿಸಿ, “ಇನ್ನೊಂದೀಟು ಹಾಕಪ್ಪ” ಅಂದಳು.

ಎರಡನೇ ಸಲ ಉಣ್ಣುವಾಗ ತಾನಾಗಿ ಮಾತಿಗಿಳಿದಳು. ಮನೆಯಲ್ಲಿ ಗೋದಾಮಿನ ಪಕ್ಕದ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಉಣ್ಣುತ್ತಾಳಂತೆ. ಒಂದು ಊಟಕ್ಕೆ ಮುಕ್ಕಾಲು ಗಂಟೆ ಬೇಕು. ಬಾಯಿಂದ ಸೋರುತ್ತದೆ. ಅದನ್ನು ಮೊಮ್ಮಗಳು ನೋಡುವುದು ಅವಳಿಗೆ ಬೇಡ.

ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು, “ನೀನು ಫೋನ್ ಮಾಡ್ದಾಗೆಲ್ಲಾ ಏನ್ ತಿಂದೆ ಅಂತೀಯ. ಡಾಕ್ಟರೂ ಅದೇ ಕೇಳ್ತಾರೆ, ಮನೆಯೋರೂ ಅದೇ ಕೇಳ್ತಾರೆ. ಬೇರೆ ಏನಾರ ಕೇಳೇ.”

ಒಂದೂವರೆ ವರ್ಷ ಅಕ್ಕರೆಯಿಂದಲೇ ಕೇಳಿದ್ದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅವಳನ್ನು ಬರೀ ಒಂದು ಬಾಯಿಯನ್ನಾಗಿ ಮಾಡಿಟ್ಟಿದ್ದೆ. ಕೊನೆಗೆ, “ಆಸ್ಪತ್ರೇಲಿ ಆರು ವಾರ ಹೊತ್ತು ಹೆಂಗೆ ಕಳೆದ್ಯೇ?” ಎಂದು ಕೇಳಿದೆ.

ಅವಳು ಹೇಳಿದ್ದು ಇದು. ಕರೆಂಟಿನ ಕೋಣೆಯ ಹೊರಗೆ ದಿನಾ ಅವಳ ಪಕ್ಕದಲ್ಲಿ ಒಬ್ಬ ಮುದುಕಿ ಕೂರುತ್ತಿದ್ದಳು. ಗಂಟಲಿನ ಆಪರೇಷನ್ ಆಗಿ ಆಕೆಗೆ ಮಾತು ಹೋಗಿತ್ತು, ಕೈಯಲ್ಲಿ ಒಂದು ಸ್ಲೇಟಿತ್ತು. ಮಗನಿಗೆ ಉರ್ದುವಿನಲ್ಲಿ ಬರೆದು ತೋರಿಸುತ್ತಿದ್ದಳು. ಇಬ್ಬರ ನಡುವೆ ಮಾತಿಲ್ಲ, ನಗುವುದಷ್ಟೇ. ಒಂದು ದಿನ ಮಗ ಔಷಧಿ ತರಲು ಹೋಗಿದ್ದಾಗ ಆಕೆ ಉದ್ದಕ್ಕೆ ಏನೋ ಬರೆದು ಇವಳ ಕಡೆ ತಿರುಗಿಸಿ ಹಿಡಿದಳು. ಇವಳಿಗೆ ಓದಲು ಬರಲಿಲ್ಲ, ಸುಮ್ಮನೆ ತಲೆಯಾಡಿಸಿದಳು. ಮುದುಕಿ ಇವಳ ಕೈ ಒತ್ತಿ, ಸ್ಲೇಟು ಒರೆಸಿಕೊಂಡಳು. ಮಾರನೇ ದಿನದಿಂದ ಬರಲಿಲ್ಲ.

“ಕೋರ್ಸು ಮುಗೀತೋ ಏನೋ, ಕೇಳಕ್ಕೆ ಧೈರ್ಯ ಆಗ್ಲಿಲ್ಲ. ಏನು ಬರೆದಿದ್ಲೋ ಅಂತ ಈಗ್ಲೂ ಅನ್ಸುತ್ತೆ” ಎಂದು ಚಮಚ ಕೆಳಗಿಟ್ಟಳು. ಆಮೇಲೆ ದುರ್ಗದವಳನ್ನು ಕೇಳಿದಳು, “ನನಗೆ ಉರ್ದು ಅಕ್ಷರ ಕಲಿಸ್ತೀಯೇನೇ?”

ದುರ್ಗದವಳು ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದವಳು. ಬುರ್ಖಾದ ಅಂಚಿನಿಂದ ಕಣ್ಣೊರೆಸಿಕೊಂಡಳು. “ಸ್ಲೇಟು ತಗಂಡು ಬರ್ತೀನಿ. ಬರೀ ನೋಡ್ಕಂಡು ಕುಂತ್ಕಳ್ಳಾದಲ್ಲ, ದಿನಾ ಕಾಪಿ ಬರೀಬೇಕು ಮತ್ತೆ” ಅಂದಳು.

ಅವಳು ಹೇಳಿದಂತೆಯೇ ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಾರು ಹತ್ತಿ ಭೀಮಸಮುದ್ರಕ್ಕೆ ಹೋದಳು. ರಜೆ ಇದ್ದಾಗ ನಾನೂ ಹೋಗುತ್ತಿದ್ದೆ. ಅಡಿಕೆ ಮೂಟೆಗಳ ಪಕ್ಕದ ಆ ಕೋಣೆಯಲ್ಲಿ ಮೊಮ್ಮಗಳೂ ಸ್ಲೇಟು ಹಿಡಿದು ಬಂದು ಕೂರತೊಡಗಿದಳು. ಅಜ್ಜಿಗಿಂತ ಬೇಗ ಕಲಿತಳು. ಊಟ ಈಗಲೂ ಭೀಮಸಮುದ್ರದವಳಿಗೆ ಕಷ್ಟವೇ. ಕೆಲವು ದಿನ ಬಟ್ಟಲು ಹಿಡಿದು ಪಡಸಾಲೆಗೆ ಬಂದು ಎಲ್ಲರ ಸಾಲಿನಲ್ಲಿ ಕೂರುತ್ತಾಳೆ, ಕೆಲವು ದಿನ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಕೇಳುವುದಿಲ್ಲ.

ಹೋದ ತಿಂಗಳು ಮೂವರೂ ದುರ್ಗದ ಪೇಟೆಗೆ ಬಟ್ಟೆ ತರಲು ಹೋಗಿದ್ದೆವು. ಒಂದು ಅಂಗಡಿಯ ಮುಂದೆ ಅವಳು ನಿಂತುಬಿಟ್ಟಳು. ಮೇಲಿನ ಉರ್ದು ಬೋರ್ಡನ್ನು ಬಲದಿಂದ ಎಡಕ್ಕೆ ಬೆರಳಾಡಿಸುತ್ತಾ, ತೊದಲುತ್ತಾ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಜನ ತಿರುಗಿ ನೋಡುತ್ತಿದ್ದರು. ಅವಳು ಗಮನಿಸಲಿಲ್ಲ. ಮಧ್ಯದಲ್ಲಿ ಒಂದಕ್ಷರ ತಪ್ಪಿತು. ದುರ್ಗದವಳು ತಿದ್ದಿದಳು, ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು.