ಕಂಬಳಿಹುಳದ ಉಪವಾಸ

ನಮ್ಮ ಮನೆಗೆ ಬಂದ ಅತಿಥಿ ಮೂರು ದಿನ ಏನೂ ತಿನ್ನಲಿಲ್ಲ. ಧಾರವಾಡದವಳಾದ ನನಗೆ ಇದಕ್ಕಿಂತ ಅವಮಾನ ಬೇಕೆ?

ಅತಿಥಿ ಒಂದು ಕಂಬಳಿಹುಳ. ಲಂಡನ್ ಹೊರವಲಯದ ಸಟನ್‌ನ ನಮ್ಮ ಹಿತ್ತಲಿನಲ್ಲಿ, ಹಿಂದಿನ ಓನರ್ ನೆಟ್ಟುಹೋದ ಕ್ರಿಸ್‌ಮಸ್ ಮರವೊಂದು ಬೆಳೆದು ನಿಂತಿದೆ. ಅದರ ಟೊಂಗೆಯಿಂದ ಒಂಬತ್ತು ವರ್ಷದ ಮಗಳು ಅನ್ವಿ ಇದನ್ನು ಡಬ್ಬಿಗೆ ಹಾಕಿಕೊಂಡು ಬಂದಳು. ನಾನು ಕಿರುಚಿದೆ. (ಕಂಬಳಿಹುಳ ತಾಗಿದಾಗಿನ ತುರಿಕೆಯನ್ನು ಯಾರು ಮರೆಯುತ್ತಾರೆ?)

ಅವಳು ನನ್ನ ಫೋನಿನಲ್ಲಿ ಹುಡುಕಿ ಓದತೊಡಗಿದಳು. ಬಫ್ ಫುಟ್‌ಮನ್ ಎಂಬ ಪತಂಗದ ಮರಿ. ಟೈಗರ್ ಮಾತ್ ಬಳಗದ್ದು. ಕೋನಿಫರ್, ಅಂದರೆ ನಮ್ಮ ಕ್ರಿಸ್‌ಮಸ್ ಮರದಂಥ ಸೂಜಿ ಎಲೆಯ ಮರಗಳ ಮೇಲೆ ಸಿಗುತ್ತದೆ. ಅಷ್ಟಕ್ಕೇ ಫೋನ್ ಕಸಿದುಕೊಂಡೆ. ಗ್ರಾಮರ್ ಸ್ಕೂಲಿಗೆ ಸೇರಲು ಬರೆಯುವ ಎಲೆವೆನ್ ಪ್ಲಸ್ ಪರೀಕ್ಷೆಯ ಪ್ರಾಕ್ಟೀಸ್ ಪೇಪರ್ ಕಾಯುತ್ತಿತ್ತಲ್ಲ!

"ಕೋನಿಫರ್ ಅಂದ್ರ ಮುಗೀತಲ್ಲ? ಅದಕ್ಕ ನಾ ಹಾಕ್ತೀನಿ. ನೀ ಓದ್ಕೊ ಹೋಗು," ಅಂದೆ.

ಹಾಕಿದೆ. ದಿನಕ್ಕೊಂದು ಹೊಸ ಟೊಂಗೆ. ಉಪ್ಪುನೀರಿನಲ್ಲಿ ನೆನೆಸಿ, ಬ್ರಶ್ಶಿನಿಂದ ತಿಕ್ಕಿ, ಮೆಂತ್ಯೆಪಲ್ಯೆ ತೊಳೆದಷ್ಟೇ ಶ್ರದ್ಧೆಯಿಂದ. ಹುಳ ಮೂಸಿಯೂ ನೋಡಲಿಲ್ಲ. "ತಿನ್ನೋ ಯಪ್ಪಾ, ಸಂಕೋಚ ಮಾಡ್ಕೋಬ್ಯಾಡ," ಎಂದು ಒತ್ತಾಯವನ್ನೂ ಮಾಡಿದೆ. ಊಹೂಂ.

ನಾಲ್ಕನೆಯ ದಿನ ಬೆಳಿಗ್ಗೆ ಹುಳ ಡಬ್ಬಿಯ ತಳದಲ್ಲಿ ಮುದುಡಿತ್ತು. "ಇಟ್ಸ್ ಡೈಯಿಂಗ್, ಅಮ್ಮಾ," ಎಂದು ಅನ್ವಿ ಅತ್ತಳು. ನಾನು ಫೋನ್ ಕೊಟ್ಟೆ. ಅವಳು ಅಂದು ಬಿಟ್ಟಲ್ಲಿಂದ ಮುಂದಿನ ಸಾಲು ಓದಿದಳು.

ಹುಳ ತಿನ್ನುವುದು ಮರದ ಎಲೆಯನ್ನಲ್ಲವಂತೆ. ಟೊಂಗೆಗೆ ಅಂಟಿಕೊಂಡು ಬೆಳೆಯುವ ಹಸಿರು ಪಾಚಿ ಮತ್ತು ಲೈಕನ್!

ಲೈಕನ್ ಅಂದರೆ ಏನು? ನಮ್ಮ ಕಲ್ಲುಹೂವಿನ ಬಳಗ. ಟೂಟಿಂಗ್‌ನ ಇಂಡಿಯನ್ ಅಂಗಡಿಗಳಿಂದ ಹುಡುಕಿ ತಂದು, ಹುರಿದು ಮಸಾಲಿ ಖಾರಕ್ಕೆ ಹಾಕುತ್ತೇನಲ್ಲ, ಅಂಥದ್ದೇ. ನನ್ನ ಡಬ್ಬಿಯಲ್ಲಿದ್ದರೆ ಘಮಘಮ, ಟೊಂಗೆಯ ಮೇಲಿದ್ದರೆ ಹೊಲಸೇ?

"ಅಮ್ಮಾ, ಯೂ ವಾಶ್ಡ್ ಅವೇ ಇಟ್ಸ್ ಲಂಚ್," ಅಂದಳು ಮಗಳು.

ಓಡಿಹೋಗಿ ಪಾಚಿಗಟ್ಟಿದ ಹಳೇ ಟೊಂಗೆ ಮುರಿದು ತಂದು, ತೊಳೆಯದೆ ಇಟ್ಟೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹುಳ ಮೆಲ್ಲಗೆ ಹತ್ತಿತು, ತಲೆ ಆಡಿಸಿತು, ಕೆರೆದು ಕೆರೆದು ತಿನ್ನತೊಡಗಿತು. ಅನ್ವಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಂದಿನ ಪ್ರಾಕ್ಟೀಸ್ ಪೇಪರ್ ಮೇಜಿನ ಮೇಲೇ ಉಳಿಯಿತು, ನಾನೂ ನೆನಪಿಸಲಿಲ್ಲ.

ಓದುತ್ತಿದ್ದ ಮಗಳ ಕೈಯಿಂದ ಫೋನ್ ಕಸಿದು "ಓದ್ಕೊ ಹೋಗು" ಎಂದ ತಾಯಿ, ಈ ಊರಿನಲ್ಲಿ ನಾನೊಬ್ಬಳೇನಾ?