ಗಡ್ಡದ ಪ್ರೊಫೆಸರ್ ಮುಂದೆ

ಸಿಡ್ನಿ. ಯೂನಿವರ್ಸಿಟಿಯ ಹಳೇ ಹಾಲ್‌ನ ಗೋಡೆ ತುಂಬ ಹತ್ತೊಂಬತ್ತನೇ ಶತಮಾನದ ಪ್ರೊಫೆಸರುಗಳ ತೈಲಚಿತ್ರಗಳು. ಧಾರವಾಡದಲ್ಲಿ ಬೆಳೆದು ಈಗ ಇಲ್ಲಿನ ಪೆಂಡಲ್ ಹಿಲ್ ಬಡಾವಣೆಯವಳಾಗಿರುವ ನನ್ನ ಅಕ್ಕ, ಬಿಳಿಗಡ್ಡದ ಒಬ್ಬರ ಚಿತ್ರದ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದಳು. ಆ ಗಡ್ಡ ನೋಡಿ ಮುಗಿಯಲು ನನ್ನ ಕೈಯೂ ಅರ್ಧ ಎದ್ದಿತ್ತು.

"ನಮಸ್ಕಾರ ಮಾಡವ್ವಾ, ಹಿರ್ಯಾರು ಅದಾರ" ಎಂದಳು, ಬೆಳಿಗ್ಗೆಯಷ್ಟೇ ಇಲ್ಲಿ ಪದವಿ ಪಡೆದಿದ್ದ ಮಗಳಿಗೆ.

ಮಗಳು ಗೌನ್‌ನೊಳಗೇ ಮುದುಡಿದಳು. "ಅಮ್ಮಾ, ಪ್ಲೀಸ್! ಎಲ್ರೂ ನೋಡ್ತಿದಾರೆ."

ಹಾಲ್ ತೋರಿಸುತ್ತಿದ್ದ ಹೆಂಗಸು ಮೆಲ್ಲಗೆ ಹೇಳಿದಳು: ಹೆಣ್ಣುಮಕ್ಕಳನ್ನು ಇಲ್ಲಿ ಸೇರಿಸಲೇಬಾರದೆಂದು ಕೊನೆಯವರೆಗೂ ಹಟ ಹಿಡಿದವರು ಇವರೇ.

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಹೊರಟಳೆಂದುಕೊಂಡೆ. ಅವಳು ಫೋನನ್ನು ನನ್ನ ಕೈಗಿಟ್ಟು, ಮಗಳ ಟೋಪಿ ನೆಟ್ಟಗೆ ಮಾಡಿದಳು.

"ಇಲ್ಲೇ ನಿಂದ್ರು. ಅಂವನ ಮಾರಿನೂ ಫೋಟೋದಾಗ ಬರ್ಬೇಕು."